ಡಿಸ್ಕ್ ಹಾಳಾದರೂ ಆಟ ಉಳಿಯಬೇಕಾದರೆ

ನಿಂಟೆಂಡೊ ಕಂಪನಿಯ ‘ವೀ’ ಎಂಬ ಗೇಮ್ ಕನ್ಸೋಲ್ 2006ರ ನವೆಂಬರ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಕೈಯಲ್ಲಿ ರಿಮೋಟ್ ಹಿಡಿದು ಟಿವಿ ಮುಂದೆ ನಿಂತು ತೋಳು ಬೀಸಿದರೆ ಪರದೆಯ ಮೇಲೆ ಟೆನಿಸ್ ಚೆಂಡು ಹಾರುತ್ತಿತ್ತು. ಗೇಮ್ ಎಂದರೆ ಹುಡುಗರ ಗೀಳು ಎಂದುಕೊಂಡಿದ್ದ ಹಿರಿಯರೂ ಇದಕ್ಕೆ ಮರುಳಾದರು. ಹತ್ತು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಈಗ ಆ ಯಂತ್ರ ತಯಾರಾಗುತ್ತಿಲ್ಲ. ಅದರ ಆನ್‌ಲೈನ್ ಆಟದ ಸೇವೆ 2014ರ ಮೇ ತಿಂಗಳಲ್ಲಿ ನಿಂತಿತು. ಆಟಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ 2019ರ ಜನವರಿ 30ರಂದು ಬಾಗಿಲು ಹಾಕಿತು. ಇನ್ನು ಉಳಿದಿರುವುದು ಜನ ದುಡ್ಡು ಕೊಟ್ಟು ಕೊಂಡ ಡಿಸ್ಕುಗಳು ಮಾತ್ರ.

ಆ ಡಿಸ್ಕಿಗೆ ಗೀರು ಬಿದ್ದರೆ ಬದಲಿ ಕೊಡುವವರಿಲ್ಲ. ಹಳೆ ಸಾಮಾನು ಮಾರುವವರಲ್ಲಿ ಇನ್ನೊಂದು ಸಿಕ್ಕರೂ ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಹಾಗಾಗಿ ವೀ ಇಟ್ಟುಕೊಂಡಿರುವ ಅನೇಕರು ತಮ್ಮ ಡಿಸ್ಕಿನಲ್ಲಿರುವ ಆಟವನ್ನು ಹಾರ್ಡ್ ಡಿಸ್ಕಿಗೋ ಎಸ್‌ಡಿ ಕಾರ್ಡಿಗೋ ಬ್ಯಾಕಪ್ ತೆಗೆದು ಇಟ್ಟುಕೊಳ್ಳುತ್ತಾರೆ. ಆ ಬ್ಯಾಕಪ್ ತೆಗೆಯುವುದೂ ಅದೇ ಕನ್ಸೋಲ್. ಆದರೆ ಕಂಪನಿ ಕೊಟ್ಟ ಸ್ಥಿತಿಯಲ್ಲಿ ಅದು ಈ ಕೆಲಸ ಮಾಡುವುದಿಲ್ಲ. ಮೊದಲು ಅದರ ಬೀಗ ತೆಗೆಯಬೇಕು. ಬೀಗ ತೆಗೆಯುವುದೆಂದರೆ ಕಳ್ಳತನ ಎಂದು ಕೆಲವರ ವಾದ, ಕೊಂಡವನ ಹಕ್ಕು ಎಂದು ಇನ್ನು ಕೆಲವರ ವಾದ. ನನಗೆ ಕಾಣುವಂತೆ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಡಿಸ್ಕ್ ಯಾರದು? ಕಾಪಿ ಎಲ್ಲಿಗೆ ಹೋಗುತ್ತದೆ? ಬೀಗ ಹೇಗೆ ತೆರೆಯಿತು ಎಂಬುದು ಸ್ವಾರಸ್ಯದ ಕತೆ. ಆದರೆ ತಪ್ಪು-ಸರಿ ತೀರ್ಮಾನವಾಗುವುದು ಈ ಎರಡು ಪ್ರಶ್ನೆಗಳಲ್ಲಿ.

ಗೀರು, ತೇವ ಮತ್ತು ಲೇಸರ್

ಮೊದಲು ಡಿಸ್ಕ್ ಏಕೆ ಕೆಡುತ್ತದೆ ಎಂದು ನೋಡೋಣ. ವೀ ಡಿಸ್ಕ್ ಡಿವಿಡಿಯ ಜಾತಿಗೇ ಸೇರಿದ್ದು. 12 ಸೆಂಟಿಮೀಟರ್ ಅಗಲ, 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಅಲ್ಯೂಮಿನಿಯಂ ಪೊರೆ. ಮಾಹಿತಿ ಇರುವುದು ಆ ಪೊರೆಯ ಮೇಲಿನ ಸಣ್ಣ ಸಣ್ಣ ಗುಳಿಗಳಲ್ಲಿ. ಗುಳಿಗಳ ಸಾಲು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ 0.74 ಮೈಕ್ರಾನ್. ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಇಂಥ ಹತ್ತಾರು ಸುತ್ತುಗಳಿರುತ್ತವೆ. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಅವನ್ನು ಓದುತ್ತದೆ.

ಸಣ್ಣಪುಟ್ಟ ಗೀರುಗಳನ್ನು ತಾಳಿಕೊಳ್ಳುವ ಏರ್ಪಾಡು ಡಿಸ್ಕಿನಲ್ಲೇ ಇದೆ. ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಸಂಕೇತಗಳನ್ನೂ ಬರೆದಿರುತ್ತಾರೆ. ಅಲ್ಲೊಂದು ಇಲ್ಲೊಂದು ತುಣುಕು ಓದಲಾಗದಿದ್ದರೆ ಯಂತ್ರ ಲೆಕ್ಕ ಹಾಕಿ ಅದನ್ನು ತುಂಬಿಕೊಳ್ಳುತ್ತದೆ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಸ್ವಲ್ಪವೇ ಕೆಡಿಸುವುದರಿಂದ ಯಂತ್ರ ಅದನ್ನು ನಿಭಾಯಿಸಬಲ್ಲದು. ಸುತ್ತಿನ ಗುಂಟ ಬಳೆಯಾಕಾರದಲ್ಲಿ ಬಿದ್ದ ಗೀರು ಹಾಗಲ್ಲ. ಅದು ಒಂದರ ಹಿಂದೆ ಒಂದಾಗಿ ಇರುವ ಮಾಹಿತಿಯನ್ನೇ ಅಳಿಸುತ್ತದೆ. ಡಿಸ್ಕನ್ನು ಗುಂಡಗೆ ಉಜ್ಜಬೇಡಿ, ಮಧ್ಯದಿಂದ ಹೊರಕ್ಕೆ ಒರೆಸಿ ಎನ್ನುವುದು ಈ ಕಾರಣಕ್ಕೆ. ಡಿಸ್ಕ್ ತಿರುಗುತ್ತಿರುವಾಗ ಕನ್ಸೋಲನ್ನು ಎತ್ತಿ ಓರೆ ಮಾಡಬಾರದು ಎನ್ನುವುದೂ ಅದಕ್ಕೇ. ಎಕ್ಸ್‌ಬಾಕ್ಸ್ 360 ಇಟ್ಟುಕೊಂಡಿದ್ದ ಎಷ್ಟೋ ಜನ ಈ ಬಳೆಗೀರನ್ನು ತಮ್ಮ ಡಿಸ್ಕುಗಳ ಮೇಲೆ ಕಂಡಿದ್ದಾರೆ.

ಗೀರು ಬೀಳದಿದ್ದರೂ ಡಿಸ್ಕಿಗೆ ಆಯುಷ್ಯವೆಂಬುದಿದೆ. ಬಿಲ್ಲೆಗಳನ್ನು ಅಂಟಿಸಿದ ಅಂಚು ಸರಿಯಿಲ್ಲದಿದ್ದರೆ ಗಾಳಿ ಮತ್ತು ತೇವ ಒಳಗಿಳಿದು ಅಲ್ಯೂಮಿನಿಯಂ ಪೊರೆಯನ್ನು ತಿನ್ನುತ್ತವೆ. ವರ್ಷದ ಬಹುಪಾಲು ಗಾಳಿಯಲ್ಲಿ ತೇವ ತುಂಬಿರುವ ಮಂಗಳೂರು, ಕಾರವಾರದಂಥ ಊರುಗಳಲ್ಲಿ ಡಿಸ್ಕ್ ಇಟ್ಟುಕೊಂಡವರು ಇದನ್ನು ನೆನಪಿಡಬೇಕು. ಡಿಸ್ಕ್ ಚೆನ್ನಾಗಿದ್ದರೂ ಓದುವ ಲೇಸರ್ ಸೋಲಬಹುದು. 2008ರಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್’ ಆಟ ಎರಡು ಪದರದ ಡಿಸ್ಕಿನಲ್ಲಿ ಬಂದಾಗ ಹಲವರ ವೀ ಅದನ್ನು ಓದಲಾರದೆ ಹೋಯಿತು. ಲೆನ್ಸಿಗೆ ಕೂತ ಕೊಳೆಯೇ ಕಾರಣ ಎಂದು ಹೇಳಿದ ನಿಂಟೆಂಡೊ, ಅಂಥ ಯಂತ್ರಗಳನ್ನು ಪುಕ್ಕಟೆಯಾಗಿ ಸರಿಪಡಿಸಿಕೊಟ್ಟಿತು. ಅಂಥ ಸೇವೆಯ ಕಾಲ ಈಗ ಮುಗಿದಿದೆ.

ಕಂಪ್ಯೂಟರಿಗೆ ಸಿಗದ ಡಿಸ್ಕ್

ಹಾಗಾದರೆ ಡಿಸ್ಕನ್ನು ಮನೆಯ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡಿಕೊಂಡರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ವೀ ಡಿಸ್ಕಿನ ಮೈಕಟ್ಟು ಡಿವಿಡಿಯದೇ ಆದರೂ ಅದರಲ್ಲಿ ಮಾಹಿತಿಯನ್ನು ಕಲಸಿಟ್ಟಿರುವ ಕ್ರಮ ಬೇರೆ. ಸಾಮಾನ್ಯ ಡಿವಿಡಿ ಡ್ರೈವ್ ಅದನ್ನು ಗುರುತಿಸದೆ ಹೊರಕ್ಕೆ ತಳ್ಳುತ್ತದೆ. ಎಲ್‌ಜಿ ಕಂಪನಿಯ ಕೆಲವೇ ಕೆಲವು ಹಳೆಯ ಡ್ರೈವ್‌ಗಳು ಮಾತ್ರ ವಿಶೇಷ ತಂತ್ರಾಂಶದ ನೆರವಿನಿಂದ ಓದಬಲ್ಲವು. ಓದಿದರೂ ಕೈಗೆ ಸಿಗುವುದು ಗೂಢಲಿಪಿ. ಡಿಸ್ಕಿನ ಮಾಹಿತಿಯನ್ನು ಎಇಎಸ್ ಎಂಬ ವಿಧಾನದಲ್ಲಿ 128 ಬಿಟ್‌ಗಳ ಕೀಲಿಯಿಂದ ಭದ್ರ ಮಾಡಿರುತ್ತಾರೆ. ಆಟದ ಕೀಲಿ ಡಿಸ್ಕಿನಲ್ಲೇ ಇದೆ, ಆದರೆ ಅದಕ್ಕೂ ಇನ್ನೊಂದು ಬೀಗ ಜಡಿದಿದೆ. ಆ ಬೀಗದ ಕೀಲಿ ಇರುವುದು ಕನ್ಸೋಲಿನ ಹೊಟ್ಟೆಯಲ್ಲಿ.

ಅಂದಮೇಲೆ ಡಿಸ್ಕನ್ನು ಸರಿಯಾಗಿ ಓದಬಲ್ಲ ಯಂತ್ರ ಪ್ರತಿ ವೀ ಮಾಲೀಕನ ಮನೆಯಲ್ಲೂ ಇದೆ, ಅದು ವೀ. ತೊಡಕೆಂದರೆ ಅದು ನಿಂಟೆಂಡೊ ಸಹಿ ಹಾಕಿದ ಪ್ರೋಗ್ರಾಂಗಳನ್ನಷ್ಟೇ ನಡೆಸುತ್ತದೆ. ಇಲ್ಲಿ ಸಹಿ ಎಂದರೆ 2048 ಬಿಟ್‌ಗಳ ಆರ್‌ಎಸ್‌ಎ ಡಿಜಿಟಲ್ ಸಹಿ. ಡಿಸ್ಕಿನಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ಬರೆಯುವ ಪ್ರೋಗ್ರಾಂಗೆ ಕಂಪನಿ ಸಹಿ ಹಾಕುವ ಮಾತೇ ಇಲ್ಲ. ಕಳ್ಳ ಡಿಸ್ಕುಗಳನ್ನು ತಡೆಯಲು ಹಾಕಿದ ಬೀಗ ಹೀಗೆ ಮಾಲೀಕನನ್ನೂ ಹೊರಗೆ ನಿಲ್ಲಿಸಿತು.

ಚಿಮುಟ, ಕುದುರೆ ಮತ್ತು ಸೊನ್ನೆ

ಈ ಬೀಗ ತೆರೆದದ್ದು ಇಕ್ಕಳದಂಥ ಪುಟ್ಟ ಚಿಮುಟದಿಂದ. 2007ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ವಾರ್ಷಿಕ ಸಮಾವೇಶದಲ್ಲಿ ಕೆಲವು ತಂತ್ರಜ್ಞರು ಇದರ ಫಲವನ್ನು ಪ್ರದರ್ಶಿಸಿದರು. ವೀ ತನ್ನ ಹಿಂದಿನ ಕನ್ಸೋಲ್ ಆದ ಗೇಮ್‌ಕ್ಯೂಬಿನ ಆಟಗಳನ್ನೂ ಆಡಿಸುತ್ತಿತ್ತು. ಹಾಗೆ ಆಡಿಸುವಾಗ 64 ಎಂಬಿ ಮೆಮೊರಿಯಲ್ಲಿ 16 ಎಂಬಿಯನ್ನಷ್ಟೇ ಆಟದ ಕೈಗೆ ಕೊಡುತ್ತಿತ್ತು. ಉಳಿದ ಭಾಗ ಮುಚ್ಚಿರುತ್ತಿತ್ತು, ಆದರೆ ಅದರಲ್ಲಿದ್ದದ್ದನ್ನು ಅಳಿಸಿರುತ್ತಿರಲಿಲ್ಲ. ಗೇಮ್‌ಕ್ಯೂಬ್ ಮೋಡಿನಲ್ಲಿ ತಮ್ಮ ಪ್ರೋಗ್ರಾಂ ಓಡಿಸುತ್ತ, ಸರ್ಕ್ಯೂಟ್ ಬೋರ್ಡಿನ ಮೇಲಿನ ಎರಡು ಬಿಂದುಗಳ ನಡುವೆ ಲೋಹದ ಚಿಮುಟ ತಾಗಿಸಿದಾಗ ಮೆಮೊರಿಯ ವಿಳಾಸಗಳು ಅದಲುಬದಲಾಗಿ ಮುಚ್ಚಿದ ಭಾಗಗಳು ಒಂದೊಂದಾಗಿ ಬೆಳಕಿಗೆ ಬಂದವು. ಆ ಭಾಗಗಳಲ್ಲಿ ಯಂತ್ರದ ಗುಪ್ತ ಕೀಲಿಗಳಿದ್ದವು. ಆ ತಂಡ ತನಗೆ ‘ಟೀಮ್ ಟ್ವೀಜರ್ಸ್’, ಅಂದರೆ ಚಿಮುಟದ ತಂಡ, ಎಂದೇ ಹೆಸರಿಟ್ಟುಕೊಂಡಿತು.

ಎರಡನೆಯ ದೋಷ ಇನ್ನೂ ವಿಚಿತ್ರ. ಡಿಜಿಟಲ್ ಸಹಿಯನ್ನು ಪರೀಕ್ಷಿಸುವಾಗ ಯಂತ್ರ ಎರಡು ಮೊತ್ತಗಳನ್ನು ಹೋಲಿಸುತ್ತದೆ: ಪ್ರೋಗ್ರಾಂನಿಂದ ತಾನೇ ಲೆಕ್ಕ ಹಾಕಿದ 20 ಬೈಟ್‌ಗಳ ಹ್ಯಾಶ್ ಎಂಬ ಗುರುತುಸಂಖ್ಯೆ ಒಂದು, ಸಹಿಯೊಳಗೆ ಅಡಗಿರುವ ಹ್ಯಾಶ್ ಇನ್ನೊಂದು. ಎರಡೂ ಒಂದೇ ಆಗಿದ್ದರೆ ಸಹಿ ಅಸಲಿ. ಹೋಲಿಸುವುದಕ್ಕೆ ನಿಂಟೆಂಡೊದ ಪ್ರೋಗ್ರಾಮರುಗಳು ಬಳಸಿದ್ದು ಪಠ್ಯವನ್ನು ಹೋಲಿಸುವ ಆಜ್ಞೆ. ಪಠ್ಯ ಹೋಲಿಸುವ ಆಜ್ಞೆಗೆ ಸೊನ್ನೆ ಬೈಟ್ ಕಂಡರೆ ಅಲ್ಲಿಗೆ ಪಠ್ಯ ಮುಗಿಯಿತೆಂದು ಅರ್ಥ. ಮುಂದಕ್ಕೆ ನೋಡುವುದೇ ಇಲ್ಲ. ಪೂರ್ತಿ ಸೊನ್ನೆಗಳಿಂದಲೇ ಮಾಡಿದ ಸಹಿ ಕೊಟ್ಟರೆ ಅದರೊಳಗಿನ ಹ್ಯಾಶ್ ಕೂಡ ಸೊನ್ನೆಯೇ. ಇನ್ನು ಪ್ರೋಗ್ರಾಂನ ಹ್ಯಾಶಿನ ಮೊದಲ ಬೈಟ್ ಸೊನ್ನೆಯಾಗಿದ್ದರೆ ಸಾಕು, ಎರಡೂ ಸರಿಹೊಂದಿದವು ಎಂದು ಯಂತ್ರ ಒಪ್ಪಿಕೊಳ್ಳುತ್ತಿತ್ತು. ಚೆಕ್ಕಿನ ಮೇಲಿನ ಸಹಿಯ ಮೊದಲಕ್ಷರ ನೋಡಿ ಬ್ಯಾಂಕಿನವರು ಹಣ ಎಣಿಸಿಕೊಟ್ಟ ಹಾಗಾಯಿತು. ಪ್ರೋಗ್ರಾಂನ ಬಳಕೆಯಿಲ್ಲದ ಮೂಲೆಯಲ್ಲಿ ಒಂದು ಸಂಖ್ಯೆ ಬದಲಿಸುತ್ತ ಹೋದರೆ ಸರಾಸರಿ 256 ಸಲಕ್ಕೊಮ್ಮೆ ಮೊದಲ ಬೈಟ್ ಸೊನ್ನೆಯಾಗುತ್ತದೆ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. 2048 ಬಿಟ್‌ಗಳ ಗಣಿತ ಅಭೇದ್ಯವಾಗಿಯೇ ಉಳಿದಿತ್ತು. ಅದನ್ನು ಬಳಸಿದ ಒಂದು ಸಾಲು ಕೋಡ್ ಕೈಕೊಟ್ಟಿತು.

ಮೂರನೆಯದು ಕುದುರೆಯ ಕತೆ. ‘ಲೆಜೆಂಡ್ ಆಫ್ ಜೆಲ್ಡಾ: ಟ್ವಿಲೈಟ್ ಪ್ರಿನ್ಸೆಸ್’ ಆಟದಲ್ಲಿ ನಾಯಕನಿಗೊಂದು ಕುದುರೆ ಇದೆ, ಅದಕ್ಕೆ ಆಟಗಾರ ತನಗೆ ಬೇಕಾದ ಹೆಸರಿಡಬಹುದು. ಆಟದೊಳಗೆ ಹೆಸರು ಬರೆದರೆ ಉದ್ದಕ್ಕೆ ಮಿತಿ ಇತ್ತು. ಆದರೆ ಎಸ್‌ಡಿ ಕಾರ್ಡಿನಿಂದ ತಂದ ಸೇವ್ ಫೈಲಿನಲ್ಲಿ ಆ ಹೆಸರು ಎಷ್ಟು ಉದ್ದವಿದೆ ಎಂದು ಆಟ ನೋಡುತ್ತಿರಲಿಲ್ಲ. ಮಿತಿಮೀರಿದ ಹೆಸರು ಮೆಮೊರಿಯಲ್ಲಿ ಉಕ್ಕಿ ಹರಿದು, ಅದರ ಬಾಲದಲ್ಲಿ ಅಡಗಿಸಿಟ್ಟ ಸೂಚನೆಗಳನ್ನು ಯಂತ್ರ ತನ್ನದೇ ಕೆಲಸ ಎಂಬಂತೆ ನಡೆಸಿಬಿಡುತ್ತಿತ್ತು. 2008ರ ಫೆಬ್ರವರಿಯಲ್ಲಿ ಈ ‘ಟ್ವಿಲೈಟ್ ಹ್ಯಾಕ್’ ಹೊರಬಂತು. ಅದೇ ವರ್ಷ ಬಂದ ‘ಹೋಮ್‌ಬ್ರೂ ಚಾನೆಲ್’ ಎಂಬ ಪುಟ್ಟ ಪ್ರೋಗ್ರಾಂ, ಹವ್ಯಾಸಿಗಳು ಬರೆದ ತಂತ್ರಾಂಶಗಳನ್ನು ವೀಯ ಮೆನುವಿನಿಂದಲೇ ತೆರೆಯುವ ಅನುಕೂಲ ಮಾಡಿತು. ನಿಂಟೆಂಡೊ ತೂತು ಮುಚ್ಚುತ್ತ ಹೋಯಿತು, ಇವರು ಹೊಸ ತೂತು ಹುಡುಕುತ್ತ ಹೋದರು. 2010ರ ಜೂನ್‌ನಲ್ಲಿ ಬಂದ 4.3 ಎಂಬುದೇ ವೀ ಮೆನುವಿನ ಕೊನೆಯ ಮುಖ್ಯ ಆವೃತ್ತಿ. ಮರುವರ್ಷ ಅದನ್ನೂ ಮೆನುವಿನ ಸಂದೇಶಪೆಟ್ಟಿಗೆಗೆ ಬಂದ ಒಂದು ಪತ್ರದ ಮೂಲಕ ತೆರೆಯುವ ದಾರಿ ಸಿಕ್ಕಿತು.

ಹಿಂದಿನ ಎಷ್ಟೋ ಕನ್ಸೋಲುಗಳನ್ನು ಬದಲಿಸಬೇಕಾದರೆ ಯಂತ್ರ ಬಿಚ್ಚಿ, ‘ಮಾಡ್ ಚಿಪ್’ ಎಂಬ ಬಿಡಿಭಾಗವನ್ನು ಬೆಸುಗೆ ಹಾಕಿ ಕೂರಿಸಬೇಕಿತ್ತು. ವೀಯಲ್ಲಿ ಸ್ಕ್ರೂ ಡ್ರೈವರ್ ಮುಟ್ಟದೆ, ಒಂದು ಎಸ್‌ಡಿ ಕಾರ್ಡಿನಿಂದ ಕೆಲಸ ಆಗುವಂತಾಯಿತು. ಹಾಗೆಂದು ಅಪಾಯವಿಲ್ಲವೆಂದಲ್ಲ. ಯಂತ್ರದ ಒಳಗಿನ 512 ಎಂಬಿ ಮೆಮೊರಿಯಲ್ಲಿ ತಪ್ಪು ಜಾಗಕ್ಕೆ ಕೈಹಾಕಿದರೆ ವೀ ಮತ್ತೆ ಮೇಲೇಳದೆ ಇಟ್ಟಿಗೆಯಂತೆ ಕೂರುತ್ತದೆ. ಬಲ್ಲವರು ಆಟದ ಡಿಸ್ಕಿಗೆ ಕೈಹಾಕುವ ಮೊದಲು ಆ ಒಳ ಮೆಮೊರಿಯ ಬ್ಯಾಕಪ್ ತೆಗೆಯುತ್ತಾರೆ.

ಕಾಪಿ ಸರಿಯಿದೆಯೇ?

ಬೀಗ ತೆಗೆದ ವೀಯಲ್ಲಿ ಡಿಸ್ಕ್ ಹಾಕಿ, ಯುಎಸ್‌ಬಿ ಹಾರ್ಡ್ ಡಿಸ್ಕ್ ಜೋಡಿಸಿದರೆ ‘ಕ್ಲೀನ್‌ರಿಪ್’ನಂಥ ಪ್ರೋಗ್ರಾಂ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ಒಂದು ಫೈಲ್ ಮಾಡುತ್ತದೆ. ಒಂದು ಪದರದ ಯಾವ ವೀ ಡಿಸ್ಕಿನಿಂದಲೂ ಬರುವ ಫೈಲಿನ ಗಾತ್ರ ಒಂದೇ: 4,69,99,79,776 ಬೈಟ್. ಬ್ರಾಲ್‌ನಂಥ ಎರಡು ಪದರದ ಡಿಸ್ಕಾದರೆ ಸುಮಾರು 8.5 ಜಿಬಿ. ಹಳೆಯ ಫ್ಯಾಟ್32 ಕ್ರಮದ ಪೆನ್ ಡ್ರೈವ್‌ಗಳಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲವಾದ್ದರಿಂದ ಅಲ್ಲಿ ಫೈಲನ್ನು ತುಂಡು ಮಾಡಿ ಬರೆಯಬೇಕಾಗುತ್ತದೆ.

ಫೈಲ್ ಬಂತು ಎಂದ ಮಾತ್ರಕ್ಕೆ ಬ್ಯಾಕಪ್ ಆಯಿತು ಎಂದುಕೊಳ್ಳಬಾರದು. ನಾಲ್ಕೂವರೆ ಶತಕೋಟಿಗೂ ಮೀರಿದ ಬೈಟುಗಳಲ್ಲಿ ಒಂದು ತಪ್ಪಾದರೂ ಆಟ ಹತ್ತನೇ ಹಂತದಲ್ಲಿ ಗಕ್ಕನೆ ನಿಲ್ಲಬಹುದು. ಆಗ ತಿರುಗಿ ನೋಡಿದರೆ ಮೂಲ ಡಿಸ್ಕೂ ಕೆಟ್ಟಿರಬಹುದು. ಇದಕ್ಕೆ ಪರಿಹಾರ ಹ್ಯಾಶ್ ಲೆಕ್ಕ. ಇಡೀ ಫೈಲನ್ನು ಒಂದು ಸೂತ್ರದ ಮೂಲಕ ಹಾಯಿಸಿದರೆ ಕೊನೆಗೆ ಒಂದು ಚಿಕ್ಕ ಗುರುತು ಸಿಗುತ್ತದೆ: ಸಿಆರ್‌ಸಿ32 ಆದರೆ ಎಂಟು ಅಕ್ಷರ, ಎಂಡಿ5 ಆದರೆ 32, ಎಸ್‌ಎಚ್‌ಎ-1 ಆದರೆ 40. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಒಂದೇ ಆವೃತ್ತಿಯ ಡಿಸ್ಕುಗಳೆಲ್ಲ ಕಾರ್ಖಾನೆಯಲ್ಲಿ ಒಂದೇ ಮೂಲದಿಂದ ಅಚ್ಚಾದವು. ಹಾಗಾಗಿ ಟೋಕಿಯೊದಲ್ಲಿ ಕಾಪಿ ತೆಗೆದವನಿಗೂ ಟೊರೊಂಟೊದಲ್ಲಿ ತೆಗೆದವನಿಗೂ ಗುರುತು ಒಂದೇ ಬರಬೇಕು. ‘ರೀಡಂಪ್’ ಎಂಬ ಸ್ವಯಂಸೇವಕರ ಯೋಜನೆ ಈ ಗುರುತುಗಳ ಪಟ್ಟಿಯನ್ನು ಇಟ್ಟುಕೊಂಡಿದೆ. ಅವರಲ್ಲಿರುವುದು ಆಟಗಳಲ್ಲ, ಆಟಗಳ ಗುರುತುಗಳು. ನಿಮ್ಮ ಕಾಪಿಯ ಗುರುತು ಆ ಪಟ್ಟಿಗೆ ಹೊಂದಿದರೆ ಅದು ಡಿಸ್ಕಿನ ತದ್ರೂಪ. ಹೊಂದದಿದ್ದರೆ ಡಿಸ್ಕನ್ನು ಒರೆಸಿ ಮತ್ತೆ ತೆಗೆಯಬೇಕು. ಅದೇ ಆಟಕ್ಕೆ ದೇಶವಾರು ಬೇರೆ ಬೇರೆ ಡಿಸ್ಕುಗಳೂ, ತಿದ್ದುಪಡಿಯಾದ ಮರುಮುದ್ರಣಗಳೂ ಇರುವುದರಿಂದ ಯಾವುದಕ್ಕೆ ಹೋಲಿಸುತ್ತಿದ್ದೇವೆ ಎಂಬುದನ್ನೂ ಗಮನಿಸಬೇಕು.

ಇಲ್ಲೊಂದು ಆಮಿಷವಿದೆ: ಜಾಗ ಉಳಿಸುವ ಆಮಿಷ. ಎಷ್ಟೋ ಆಟಗಳ ನಿಜವಾದ ಮಾಹಿತಿ ಡಿಸ್ಕಿನ ಸಣ್ಣ ಪಾಲನ್ನಷ್ಟೇ ತುಂಬುತ್ತದೆ; ಉಳಿದ ಜಾಗಕ್ಕೆ ನಿಂಟೆಂಡೊ ಯದ್ವಾತದ್ವಾ ಅಂಕಿಗಳ ಕಸ ತುಂಬಿರುತ್ತದೆ. 2009ರಲ್ಲಿ, ಹಾರ್ಡ್ ಡಿಸ್ಕಿನಿಂದಲೇ ಆಟ ನಡೆಸುವ ಯುಎಸ್‌ಬಿ ಲೋಡರ್‌ಗಳು ಬಂದಾಗ ಈ ಕಸವನ್ನು ಬಿಟ್ಟು ಆಟವನ್ನಷ್ಟೇ ಇಟ್ಟುಕೊಳ್ಳುವ ಡಬ್ಲ್ಯುಬಿಎಫ್‌ಎಸ್ ಎಂಬ ಕ್ರಮ ಜನಪ್ರಿಯವಾಯಿತು. ಆಡುವುದಕ್ಕೆ ಅದು ಧಾರಾಳ ಸಾಕು. ಆದರೆ ಕಸ ಬಿಟ್ಟ ಮೇಲೆ ಅದು ಡಿಸ್ಕಿನ ತದ್ರೂಪವಾಗಿ ಉಳಿಯುವುದಿಲ್ಲ, ಗುರುತೂ ಹೊಂದುವುದಿಲ್ಲ. ಮುಂದೆ ಈ ಕಸ ನಿಜಕ್ಕೂ ಯದ್ವಾತದ್ವಾ ಅಲ್ಲ, ಒಂದು ಬೀಜಸಂಖ್ಯೆಯಿಂದ ಲೆಕ್ಕ ಹಾಕಿ ಹುಟ್ಟಿಸಿದ್ದು ಎಂದು ತಿಳಿಯಿತು. ಕಂಪ್ಯೂಟರಿನಲ್ಲಿ ವೀ ಆಟಗಳನ್ನು ನಡೆಸುವ ಡಾಲ್ಫಿನ್ ಎಮ್ಯುಲೇಟರ್ 2020ರಲ್ಲಿ ತಂದ ಆರ್‌ವಿಜೆಡ್ ಎಂಬ ಕ್ರಮ ಇದನ್ನು ಬಳಸಿಕೊಂಡಿತು. ಕಸದ ಬದಲು ಅದರ ಬೀಜವನ್ನಷ್ಟೇ ಇಟ್ಟುಕೊಂಡು, ಬೇಕಾದಾಗ ಅದೇ ಕಸವನ್ನು ಬೈಟಿಗೆ ಬೈಟ್ ಮರುಹುಟ್ಟಿಸುತ್ತದೆ. ಜಾಗವೂ ಉಳಿಯಿತು, ತದ್ರೂಪವೂ ಉಳಿಯಿತು. ಬ್ಯಾಕಪ್ ಎನ್ನುವುದಾದರೆ ಇಂಥದ್ದನ್ನು ಅಥವಾ ಪೂರ್ತಿ ಫೈಲನ್ನು ಇಟ್ಟುಕೊಳ್ಳುವುದೇ ಸರಿ.

ಹಾರ್ಡ್ ಡಿಸ್ಕಿನಲ್ಲಿರುವ ಕಾಪಿಯನ್ನು ಕನ್ಸೋಲಿನಲ್ಲೇ ಆಡುವ ವಿಧಾನವೂ ಸ್ವಾರಸ್ಯದ್ದು. ಆಟ ಡಿಸ್ಕಿನಿಂದ ಏನಾದರೂ ಬೇಕೆಂದು ಕೇಳಿದಾಗ ಆ ಕೋರಿಕೆ ಮೊದಲು ಯಂತ್ರದೊಳಗಿನ ಐಒಎಸ್ ಎಂಬ ವ್ಯವಸ್ಥೆಗೆ ಹೋಗುತ್ತದೆ. ಐಫೋನಿನ ಐಒಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ಬದಲಿಸಿದ ಐಒಎಸ್ ಆ ಕೋರಿಕೆಯನ್ನು ಡಿಸ್ಕ್ ಡ್ರೈವ್‌ಗೆ ಕಳಿಸದೆ ಯುಎಸ್‌ಬಿ ಕಡೆಗೆ ತಿರುಗಿಸುತ್ತದೆ. ಮಾಹಿತಿ ಎಲ್ಲಿಂದ ಬಂತೆಂದು ಆಟಕ್ಕೆ ಗೊತ್ತೇ ಆಗುವುದಿಲ್ಲ. ಲೇಸರಿಗೆ ವಿಶ್ರಾಂತಿ ಸಿಗುತ್ತದೆ, ಡಿಸ್ಕ್ ಪೆಟ್ಟಿಗೆಯಲ್ಲಿ ಕ್ಷೇಮವಾಗಿರುತ್ತದೆ.

ಅನೇಕರು ಮರೆಯುವುದು ಸೇವ್ ಫೈಲುಗಳನ್ನು. ತಿಂಗಳುಗಟ್ಟಲೆ ಆಡಿ ಗಳಿಸಿದ್ದು ಡಿಸ್ಕಿನಲ್ಲಿ ಇರುವುದಿಲ್ಲ. ಅದು ಕನ್ಸೋಲಿನ ಒಳ ಮೆಮೊರಿಯಲ್ಲಿರುತ್ತದೆ. ‘ಮಾರಿಯೊ ಕಾರ್ಟ್ ವೀ’ ಮತ್ತು ಬ್ರಾಲ್‌ನಂಥ ಆಟಗಳ ಸೇವ್ ಫೈಲನ್ನು ಎಸ್‌ಡಿ ಕಾರ್ಡಿಗೆ ಕಾಪಿ ಮಾಡಲು ನಿಂಟೆಂಡೊದ ಮೆನು ಬಿಡುತ್ತಲೇ ಇರಲಿಲ್ಲ. ಬೀಗ ತೆಗೆದ ಯಂತ್ರದಲ್ಲಿ ಅದೂ ಸಾಧ್ಯ. ಆಟದ ಡಿಸ್ಕ್ ಇನ್ನೊಂದು ಸಿಕ್ಕೀತು, ನಮ್ಮ ಸೇವ್ ಫೈಲ್ ಇನ್ನೆಲ್ಲೂ ಸಿಗದು.

ನಮ್ಮ ನಾಡಿನ ಪ್ಲೇಸ್ಟೇಷನ್ 2

ನಮ್ಮಲ್ಲಿ ವೀಗಿಂತ ಹೆಚ್ಚು ಮನೆಗಳನ್ನು ಹೊಕ್ಕ ಯಂತ್ರ ಸೋನಿಯ ಪ್ಲೇಸ್ಟೇಷನ್ 2. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ 15 ಕೋಟಿಗೂ ಮೀರಿ ಮಾರಾಟವಾದ ಇದರ ಹಲವು ಹಳೆಯ ಮಾದರಿಗಳ ಬೆನ್ನಿನಲ್ಲಿ ಹಾರ್ಡ್ ಡಿಸ್ಕ್ ಕೂರಿಸುವ ಜಾಗವನ್ನು ಸೋನಿಯೇ ಬಿಟ್ಟಿತ್ತು. ತಾನೇ 40 ಜಿಬಿಯ ಹಾರ್ಡ್ ಡಿಸ್ಕನ್ನೂ ಮಾರಿತು. ಅಲ್ಲಿಗೆ ಆಟಗಳನ್ನು ತುಂಬಿಸಿ ಆಡುವ ‘ಎಚ್‌ಡಿ ಲೋಡರ್’ ಬೇರೆಯವರಿಂದ 2004ರ ಹೊತ್ತಿಗೆ ಬಂತು. ಮುಂದೆ ಮೆಮೊರಿ ಕಾರ್ಡಿನಿಂದಲೇ ಬೀಗ ತೆಗೆಯುವ ‘ಫ್ರೀ ಮ್ಯಾಕ್‌ಬೂಟ್’, ಅದರ ಜೊತೆಗೆ ‘ಓಪನ್ ಪಿಎಸ್2 ಲೋಡರ್’ ಬಂದವು. ಪ್ಲೇಸ್ಟೇಷನ್ 2ರ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರಿನ ಡ್ರೈವ್ ಓದುತ್ತದೆ. ಅಲ್ಲಿ ಬೀಗ ಇರುವುದು ಓದುವುದಕ್ಕಲ್ಲ, ಕಾಪಿಯಿಂದ ಆಡುವುದಕ್ಕೆ.

ನಮ್ಮ ಪೇಟೆಗಳಲ್ಲಿ ಮಾತ್ರ ಈ ತಂತ್ರಜ್ಞಾನದ ಇನ್ನೊಂದು ಮುಖವೇ ಹೆಚ್ಚು ಕಂಡಿತು. ಚಿಪ್ ಹಾಕಿಸಿದ ಯಂತ್ರ, ಜೊತೆಗೆ ಖಾಲಿ ಡಿಸ್ಕಿಗೆ ನಕಲು ಬರೆದ ‘ಸುಟ್ಟ’ ಡಿಸ್ಕುಗಳು. ಅಸಲಿ ಡಿಸ್ಕಿನ ಬೆಲೆ ಮಧ್ಯಮ ವರ್ಗದ ಕೈಗೆ ನಿಲುಕುತ್ತಿರಲಿಲ್ಲ ಎಂಬುದು ನಿಜ. ಆದರೂ ಅದು ಬ್ಯಾಕಪ್ ಅಲ್ಲ, ಪೈರಸಿ. ಇದರ ಪೆಟ್ಟು ನಮ್ಮವರ ಮೇಲೂ ಬಿತ್ತು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ತಯಾರಿಸಿದ ‘ಹನುಮಾನ್: ಬಾಯ್ ವಾರಿಯರ್’ 2009ರಲ್ಲಿ ಬಂದಾಗ ಅದು ಪ್ಲೇಸ್ಟೇಷನ್ 2ಕ್ಕೆಂದು ಪೂರ್ತಿಯಾಗಿ ಭಾರತದಲ್ಲೇ ರೂಪುಗೊಂಡ ಮೊದಲ ಆಟವಾಗಿತ್ತು. ಸುಟ್ಟ ಡಿಸ್ಕ್ ಅಗ್ಗವಾಗಿ ಸಿಗುವ ಪೇಟೆಯಲ್ಲಿ ಅಸಲಿ ಡಿಸ್ಕ್ ಮಾರಿ ಬದುಕುವುದು ಯಾವ ಕಂಪನಿಗೂ ಸುಲಭವಲ್ಲ.

ಕಾನೂನು ಏನನ್ನುತ್ತದೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಬ್ಯಾಕಪ್ಪಿಗೆ ಜಾಗ ಬಿಟ್ಟಿದೆ. ಕಂಪ್ಯೂಟರ್ ಪ್ರೋಗ್ರಾಂ ಒಂದರ ಕಾಪಿಯನ್ನು ನ್ಯಾಯವಾಗಿ ಹೊಂದಿರುವವರು ನಷ್ಟ, ನಾಶ, ಹಾನಿಯಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಎಂದು 52ನೇ ಸೆಕ್ಷನ್ ಹೇಳುತ್ತದೆ. ಸ್ವಂತಕ್ಕೆ ನ್ಯಾಯವಾಗಿ ಪಡೆದ ಪ್ರತಿಯಿಂದ, ವಾಣಿಜ್ಯವಲ್ಲದ ವೈಯಕ್ತಿಕ ಬಳಕೆಗೆ ಪ್ರತಿ ಮಾಡಿಕೊಳ್ಳುವುದಕ್ಕೂ ಅದೇ ಸೆಕ್ಷನ್ನಿನಲ್ಲಿ ಅವಕಾಶವಿದೆ. 2012ರ ತಿದ್ದುಪಡಿ ತಂದ 65ಎ ಸೆಕ್ಷನ್ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಆದರೆ ಆ ಅಪರಾಧಕ್ಕೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇರಬೇಕು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆಯುವುದಕ್ಕೆ ಅಡ್ಡಿಯಿಲ್ಲ ಎಂದೂ ಅಲ್ಲೇ ಬರೆದಿದೆ. ಬೇರೆಯವರಿಗೆ ಬೀಗ ತೆಗೆದುಕೊಡುವವರು ಮಾತ್ರ ಯಾರಿಗೆ, ಯಾವ ವಿಳಾಸದವರಿಗೆ, ಯಾತಕ್ಕಾಗಿ ಎಂಬ ಪೂರ್ತಿ ದಾಖಲೆ ಇಡಬೇಕು. ಇನ್ನು ಅಕ್ರಮ ಪ್ರತಿ ಎಂದು ತಿಳಿದೂ ಪ್ರೋಗ್ರಾಂ ಬಳಸಿದರೆ 63ಬಿ ಸೆಕ್ಷನ್ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ.

ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಕಾನೂನನ್ನು ನೋಡಿಕೊಳ್ಳಬೇಕು. ಅಮೆರಿಕದ ಕಾನೂನು ಪ್ರೋಗ್ರಾಂನ ಬ್ಯಾಕಪ್ ಪ್ರತಿಗೆ ಅನುಮತಿ ಕೊಡುತ್ತದೆ. ಆದರೆ 1998ರ ಡಿಎಂಸಿಎ ಕಾಯ್ದೆ, ಉದ್ದೇಶ ಏನೇ ಇರಲಿ, ಬೀಗ ಮುರಿಯುವುದನ್ನೇ ನಿಷೇಧಿಸುತ್ತದೆ. ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಪರಿಶೀಲಿಸುವ ಅಲ್ಲಿನ ಅಧಿಕಾರಿಗಳು 2012ರಲ್ಲಿ ಗೇಮ್ ಕನ್ಸೋಲುಗಳಿಗೆ ಕೇಳಿದ ವಿನಾಯಿತಿಯನ್ನು ತಳ್ಳಿಹಾಕಿದರು. ಒಂದು ಕೈಯಲ್ಲಿ ಕೊಟ್ಟ ಹಕ್ಕನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು. ಈ ವಿಷಯದಲ್ಲಿ ಉದ್ದೇಶವನ್ನು ಕೇಳುವ ನಮ್ಮ ಕಾಯ್ದೆಯೇ ಹೆಚ್ಚು ವಿವೇಕದ್ದು.

ಅಮೆರಿಕದ ಕೋರ್ಟುಗಳು ಕಠಿಣವಾಗಿ ನಡೆದುಕೊಂಡ ಪ್ರಕರಣವನ್ನು ನೋಡಿದರೆ ಗೆರೆ ಎಲ್ಲಿದೆ ಎಂದೂ ತಿಳಿಯುತ್ತದೆ. ನಿಂಟೆಂಡೊ ಸ್ವಿಚ್‌ನಂಥ ಕನ್ಸೋಲುಗಳ ಬೀಗ ಮುರಿಯುವ ಸಾಧನಗಳನ್ನು ಮಾರಿ ಹಣ ಮಾಡಿದ ‘ಟೀಮ್ ಎಕ್ಸಿಕ್ಯೂಟರ್’ ಜಾಲದ ಪ್ರಮುಖನೊಬ್ಬನಿಗೆ 2022ರ ಫೆಬ್ರವರಿಯಲ್ಲಿ 40 ತಿಂಗಳ ಸೆರೆವಾಸವಾಯಿತು. ಆತ ತನ್ನ ಡಿಸ್ಕಿನ ಕಾಪಿ ತೆಗೆದುಕೊಂಡವನಲ್ಲ. ಕದ್ದ ಆಟ ಆಡಿಸುವ ವ್ಯಾಪಾರ ನಡೆಸಿದವನು.

ಡಿಸ್ಕೇ ಇಲ್ಲದ ಕಾಲ

ಈ ಚರ್ಚೆಗೂ ಇನ್ನು ಹೆಚ್ಚು ದಿನ ಉಳಿದಿಲ್ಲ. 2024ರಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಡಿಸ್ಕ್ ಡ್ರೈವ್ ಇಲ್ಲದೆಯೇ ಮಾರಾಟಕ್ಕೆ ಬಂತು. ಡ್ರೈವ್ ಬೇಕಿದ್ದವರು ಬೇರೆಯಾಗಿ ಕೊಳ್ಳಬೇಕು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೆ ‘ಗೇಮ್-ಕೀ ಕಾರ್ಡ್’ ಎಂಬುದಿದೆ. ಪೆಟ್ಟಿಗೆಯೊಳಗೆ ಕಾರ್ಡೇನೋ ಇರುತ್ತದೆ, ಕಾರ್ಡಿನೊಳಗೆ ಆಟ ಇರುವುದಿಲ್ಲ; ಇಳಿಸಿಕೊಳ್ಳುವ ಅನುಮತಿ ಮಾತ್ರ ಇರುತ್ತದೆ. ಕಂಪನಿಯ ಸರ್ವರ್ ನಿಂತ ದಿನ ಆ ಕಾರ್ಡ್ ಬರಿಯ ಪ್ಲಾಸ್ಟಿಕ್. ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವವರು, ಅದು ಬರಿಯ ಪರವಾನಗಿ ಎಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಕಾನೂನನ್ನೇ ಜಾರಿಗೆ ತಂದಿದೆ.

ಹಳೆಯ ಆಟಗಳ ಪಾಡು ಇನ್ನೂ ಕೆಟ್ಟದ್ದು. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ನಮ್ಮಲ್ಲಂತೂ ಲೆಕ್ಕ ಇಡುವ ಏರ್ಪಾಡೇ ಇಲ್ಲ. ಭಾರತದಲ್ಲಿ ಅಚ್ಚಾದ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಸಲ್ಲಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಕನ್ನಡದ ಪುಸ್ತಕಗಳು ಅಲ್ಲಿ ಉಳಿದಿರುವುದು ಹೀಗೆ. ಹನುಮಾನನ ಆಟಕ್ಕಾಗಲಿ, ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ತಯಾರಾಗುವ ಇಂದಿನ ಆಟಗಳಿಗಾಗಲಿ ಅಂಥ ಕಡ್ಡಾಯವಿಲ್ಲ. ಗೇಮ್ ತಯಾರಿಕೆಗೆ ಪ್ರೋತ್ಸಾಹ ಕೊಡುತ್ತೇವೆ ಎನ್ನುವ ಸರ್ಕಾರಗಳು, ತಯಾರಾದ ಆಟದ ಒಂದು ಪ್ರತಿಯನ್ನು ಬೀಗವಿಲ್ಲದೆ ಗ್ರಂಥಾಲಯದಲ್ಲಿಡಿ ಎಂದು ಷರತ್ತು ಹಾಕುವುದು ಕಷ್ಟದ ಮಾತಲ್ಲ.

ಸರ್ಕಾರದ ಕೆಲಸ ಆದಾಗ ಆಗಲಿ. ಅಟ್ಟದ ಮೇಲೆ ಹಳೆಯ ಡಿಸ್ಕುಗಳಿರುವ ಓದುಗರು ಕಾಯಬೇಕಾಗಿಲ್ಲ. ನಿಮ್ಮದೇ ಡಿಸ್ಕಿನಿಂದ ಕಾಪಿ ತೆಗೆಯಿರಿ, ಹ್ಯಾಶ್ ಹೊಂದಿಸಿ ನೋಡಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿಡಿ; ಹಾರ್ಡ್ ಡಿಸ್ಕೂ ಕೆಡುವ ವಸ್ತುವೇ. ಮೂಲ ಡಿಸ್ಕನ್ನು ಎಸೆಯಬೇಡಿ. ಕಾಪಿ ನ್ಯಾಯವಾದದ್ದು ಎಂಬುದಕ್ಕೆ ಅದೇ ಸಾಕ್ಷಿ. ಡಿಸ್ಕನ್ನು ಮಾರಿದರೆ ಕಾಪಿಯನ್ನೂ ಅಳಿಸಿ. ಗೆಳೆಯರು ಕೇಳಿದರೆ ಡಿಸ್ಕನ್ನು ಎರವಲು ಕೊಡಿ, ಫೈಲನ್ನು ಕೊಡಬೇಡಿ. ನೂರಾರು ಆಟ ತುಂಬಿದ ಹಾರ್ಡ್ ಡಿಸ್ಕ್ ಮಾರುವ ಅಂಗಡಿಯವರು ‘ಇದೂ ಬ್ಯಾಕಪ್ಪೇ ಸಾರ್’ ಎಂದರೆ ನಂಬಬೇಡಿ. ನೀವು ಕೊಳ್ಳದ ಆಟಕ್ಕೆ ಬ್ಯಾಕಪ್ ಎಂಬುದಿಲ್ಲ.